ಕರುಳಿನೊಳಗಿನ ಸಹವಾಸ ದೋಷ!

ಒಂದು ಪ್ರಶ್ನೆ. ಥಟ್ಟನೆ ಉತ್ತರಿಸಿ, ಗೂಗಲ್ ಮಾಡಬೇಡಿ!

ನೀವು ಉಂಡ ಅನ್ನ ಸಾರು ಕರುಳಿಗೆ ಇಳಿದಿದೆ. ಅಲ್ಲಿ ಅದರ ಸುತ್ತ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಈ ಕಡೆ ಅವು. ಆ ಕಡೆ ನಿಮ್ಮ ರಕ್ತ, ನಿಮ್ಮ ಮಾಂಸ, ನಿಮ್ಮ ಪ್ರಾಣ. ಎರಡನ್ನೂ ಬೇರೆ ಮಾಡಿರುವ ಪದರ ಎಷ್ಟು ದಪ್ಪ ಇರಬಹುದು?

ಒಂದು ಬೆರಳಿನಷ್ಟು? ಅಲ್ಲ. ಬಟ್ಟೆಯಷ್ಟು? ಅಲ್ಲ. ಒಂದು ಹಾಳೆ ಕಾಗದದಷ್ಟು? ಅಷ್ಟೂ ಇಲ್ಲ!

ಒಂದು ಜೀವಕೋಶದಷ್ಟು. ಒಂದೇ ಒಂದು! ಪಕ್ಕಪಕ್ಕದಲ್ಲಿ ಒತ್ತಿ ನಿಂತ ಜೀವಕೋಶಗಳ ಒಂದೇ ಸಾಲು, ಅದರ ಮೇಲೊಂದಿಷ್ಟು ಲೋಳೆ. ಮುಗಿಯಿತು. ಅದೂ ಹಳೆಯದಲ್ಲ. ಮೂರರಿಂದ ಐದು ದಿನಕ್ಕೊಮ್ಮೆ ಇಡೀ ಸಾಲು ಉದುರಿ ಹೊಸದು ಬರುತ್ತದೆ. ಹೋದ ವಾರ ನಿಮ್ಮನ್ನು ಕಾಪಾಡಿದ ಪದರ ಇವತ್ತು ನಿಮ್ಮೊಳಗೆ ಇಲ್ಲವೇ ಇಲ್ಲ!

ಜೀರ್ಣನಾಳದ ಒಳಮೈಯನ್ನೆಲ್ಲ ಮಡಿಕೆ ಬಿಡಿಸಿ ಹಾಸಿದರೆ ಸುಮಾರು 32 ಚದರ ಮೀಟರ್ ಆಗುತ್ತದೆ. ಅಂದರೆ 340 ಚದರ ಅಡಿಗೂ ಮಿಕ್ಕಿ. ಇನ್ನು ಬ್ಯಾಕ್ಟೀರಿಯಾ ಎಷ್ಟು? ಊಹಿಸಿ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ! ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಮ್ಮದೇ ಜೀವಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ನಮ್ಮ ಮೈಯಲ್ಲಿ ನಾವೇ ಅಲ್ಪಸಂಖ್ಯಾತರು!

ಈಗ ನಿಜವಾದ ಒಗಟು ಶುರುವಾಗುತ್ತದೆ.

ರಕ್ತಕ್ಕೆ ಒಂದಿಷ್ಟು ಬ್ಯಾಕ್ಟೀರಿಯಾ ಸೇರಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಚಳಿ, ಜ್ವರ, ಕೈಮೀರಿದರೆ ಐಸಿಯು. ಆದರೆ ಕರುಳಿನ ಆ ತೆಳು ಪದರವನ್ನು ದಾಟಿ ಒಂದೆರಡು ಸೂಕ್ಷ್ಮಾಣು ದಿನವೂ ಒಳಗೆ ಬರುತ್ತಲೇ ಇರುತ್ತವೆ. ಆದರೂ ನಿಮಗೆ ಜ್ವರವಿಲ್ಲ. ನೋವಿಲ್ಲ. ನೀವು ಆರಾಮಾಗಿ ಕೂತು ಇದನ್ನು ಓದುತ್ತಿದ್ದೀರಿ! ಹೇಗೆ?

ಆ ಪದರದ ಕೆಳಗೇ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಜೀವಕೋಶಗಳಿವೆ. ಸಿಕ್ಕ ಸೂಕ್ಷ್ಮಾಣುವನ್ನು ಇಡಿಯಾಗಿ ನುಂಗಿಬಿಡುವ ಮಹಾಭಕ್ಷಕಗಳು! ಇಡೀ ದೇಹದಲ್ಲೇ ಇವು ಅತಿ ಹೆಚ್ಚು ಸೇರಿರುವ ಜಾಗ ಕರುಳು. ಬೇರೆ ಕಡೆಯಾದರೆ ಬ್ಯಾಕ್ಟೀರಿಯಾ ಕಂಡ ಕೂಡಲೇ ಇವು ರಾಸಾಯನಿಕ ಸಂಕೇತಗಳನ್ನು ಸುರಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ಆ ಜಾಗ ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಅದೇ ಉರಿಯೂತ.

ಕರುಳಿನಲ್ಲಿ?

2005ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನ ವಿಜ್ಞಾನಿಗಳು ಮನುಷ್ಯರ ಆರೋಗ್ಯವಂತ ಕರುಳಿನಿಂದ ಈ ಮ್ಯಾಕ್ರೋಫೇಜ್‌ಗಳನ್ನು ತೆಗೆದು ಕೆಣಕಿ ನೋಡಿದರು. ಬ್ಯಾಕ್ಟೀರಿಯಾ ಕೊಟ್ಟರು. ನುಂಗಿದವು! ಕೊಂದವು! ಆಮೇಲೆ ಉರಿಯೂತದ ಸಂಕೇತಗಳಿಗಾಗಿ ಹುಡುಕಿದರು. ಟಿಎನ್‌ಎಫ್ ಇಲ್ಲ. ಐಎಲ್-1 ಇಲ್ಲ. ಐಎಲ್-6 ಇಲ್ಲ. ಒಂದೂ ಇಲ್ಲ!

ಸದ್ದಿಲ್ಲದೆ ನುಂಗುವುದು, ಸದ್ದಿಲ್ಲದೆ ಕೊಲ್ಲುವುದು. ಊತವಿಲ್ಲ, ಉರಿಯಿಲ್ಲ. ಎಂಥ ಸಂಯಮ ನೋಡಿ!

ಈ ಸಂಯಮ ಹುಟ್ಟಿನಿಂದಲೇ ಬಂದದ್ದೇ? ಇಲ್ಲಿ ಸ್ವಲ್ಪ ನಿಲ್ಲಿ, ಯೋಚಿಸಿ. ಈ ಜೀವಕೋಶಗಳು ಬರುವುದು ಅಸ್ಥಿಮಜ್ಜೆಯಿಂದ, ರಕ್ತದಲ್ಲಿ ತೇಲಿಕೊಂಡು, ಮಾನೋಸೈಟ್ ಎಂಬ ಎಳೆಯ ರೂಪದಲ್ಲಿ. ರಕ್ತದಲ್ಲಿರುವ ಮಾನೋಸೈಟ್ ಬ್ಯಾಕ್ಟೀರಿಯಾ ಕಂಡರೆ ಕೆರಳುತ್ತದೆ, ಜೋರಾಗಿ ಕೆರಳುತ್ತದೆ. ಹಾಗಾದರೆ ಕರುಳಿಗೆ ಬಂದ ಮೇಲೆ ಅದಕ್ಕೆ ಏನಾಯಿತು?

ಅದೇ ತಂಡ ಇನ್ನೊಂದು ಕೆಲಸ ಮಾಡಿತ್ತು. ನನಗೆ ಇದು ಅತ್ಯಂತ ಇಷ್ಟವಾದ ಪ್ರಯೋಗ. ಕರುಳಿನ ಅಂಗಾಂಶವನ್ನು, ಅಂದರೆ ರೋಗನಿರೋಧಕ ಜೀವಕೋಶಗಳ ಸುತ್ತ ಇರುವ ಸಾಮಾನ್ಯ ಹಂದರವನ್ನು, ಒಂದು ದ್ರವದಲ್ಲಿ ಇಟ್ಟರು. ಅಂಗಾಂಶ ಆ ದ್ರವಕ್ಕೆ ತನ್ನ ಸ್ರಾವಗಳನ್ನು ಬಿಟ್ಟಿತು. ಆಮೇಲೆ ಆ ದ್ರವವನ್ನಷ್ಟೇ ತೆಗೆದು ರಕ್ತದ ಮಾನೋಸೈಟ್‌ಗಳ ಮೇಲೆ ಹಾಕಿದರು. ದ್ರವವಷ್ಟೇ!

ಕೆರಳುವ ಮಾನೋಸೈಟ್‌ಗಳು ತಣ್ಣಗಾದವು!

ಈ ಬದಲಾವಣೆಯ ಹಿಂದಿದ್ದ ಮುಖ್ಯ ವಸ್ತು ಟಿಜಿಎಫ್-ಬೀಟಾ ಎಂಬ ಪ್ರೋಟೀನ್. ಅಂದರೆ ಕರುಳಿನ ಅಂಗಾಂಶವೇ, ಬಂದ ಹೊಸಬರಿಗೆಲ್ಲ ಶಾಂತಿಪಾಠ ಹೇಳಿಕೊಡುತ್ತಿದೆ. ಸಹವಾಸದಿಂದ ಸ್ವಭಾವ ಬದಲಾಗುತ್ತದೆ ಎಂದು ನಮ್ಮ ಹಿರಿಯರು ಮನುಷ್ಯರ ಬಗ್ಗೆ ಹೇಳುತ್ತಿದ್ದರಲ್ಲ, ಅದು ಜೀವಕೋಶಕ್ಕೂ ನಿಜ!

ಹಾಗಿದ್ದರೆ ಸಹವಾಸ ಕೆಟ್ಟರೆ?

ಈ ಪ್ರಶ್ನೆಗೆ ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲಿ ಉತ್ತರ ಸಿಕ್ಕಿತು. 2013ರಲ್ಲಿ ಕ್ಯಾಲಮ್ ಬೇನ್, ಅಲನ್ ಮೊವಾಟ್ ಮತ್ತು ಅವರ ಸಂಗಡಿಗರು ಇಲಿಗಳ ಮೇಲೆ ಮಾಡಿದ ಕೆಲಸ ಅದು. ಒಂದೇ ಬಗೆಯ ಮಾನೋಸೈಟ್‌ಗಳು. ಕೆಲವು ಆರೋಗ್ಯವಂತ ಇಲಿಯ ದೊಡ್ಡ ಕರುಳಿಗೆ. ಕೆಲವು ಉರಿಯೂತವಿರುವ ಇಲಿಯ ದೊಡ್ಡ ಕರುಳಿಗೆ.

ಏನಾಯಿತು ಗೊತ್ತೇ? ಆರೋಗ್ಯವಂತ ಕರುಳಿಗೆ ಹೋದವು ಕೆಲವೇ ದಿನಗಳಲ್ಲಿ, ಹಂತ ಹಂತವಾಗಿ, ಶಾಂತ ಮ್ಯಾಕ್ರೋಫೇಜ್‌ಗಳಾದವು. ಉರಿಯುತ್ತಿದ್ದ ಕರುಳಿಗೆ ಹೋದವು ಅರ್ಧ ದಾರಿಯಲ್ಲೇ ನಿಂತುಬಿಟ್ಟವು! ಶಾಂತವಾಗಲೇ ಇಲ್ಲ. ಉರಿಗೆ ಉರಿ ಸೇರಿಸುತ್ತ ಉಳಿದವು.

ಹುಟ್ಟು ಒಂದೇ. ವಂಶ ಒಂದೇ. ಹೋಗಿ ಸೇರಿದ ಜಾಗ ಮಾತ್ರ ಬೇರೆ!

ಮರುವರ್ಷವೇ ಇನ್ನೂ ದೊಡ್ಡ ಅಚ್ಚರಿ. ಪೂರ್ತಿ ಬಲಿತ ಮ್ಯಾಕ್ರೋಫೇಜ್ ಇನ್ನು ಬದಲಾಗುವುದಿಲ್ಲ ಎಂದು ನಿಮಗೆ ಅನ್ನಿಸುತ್ತಿದೆಯೇ? ಇಲಿಯ ಹೊಟ್ಟೆಯ ಪೊಳ್ಳಿನಲ್ಲಿದ್ದ ಬಲಿತ ಮ್ಯಾಕ್ರೋಫೇಜ್‌ಗಳನ್ನು ತೆಗೆದು ಇನ್ನೊಂದು ಇಲಿಯ ಶ್ವಾಸಕೋಶಕ್ಕೆ ಸೇರಿಸಿದಾಗ, ಅವುಗಳ ಜೀನ್‌ಗಳಲ್ಲಿ ಯಾವುದು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬ ವ್ಯವಸ್ಥೆಯೇ ಶ್ವಾಸಕೋಶದ ಕಡೆಗೆ ತಿರುಗಿಕೊಂಡಿತು! ಜೀನ್ ಬದಲಾಗಲಿಲ್ಲ. ಓದುವ ಪುಟ ಬದಲಾಯಿತು. ಬಲಿತ ಮೇಲೂ ಕಲಿಯುತ್ತವೆ!

ಈಗ ಕಾಯಿಲೆಗೆ ಬರೋಣ. ಕಾಯಿಲೆಯ ಹೆಸರು ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುವ ಅಲ್ಸರೇಟಿವ್ ಕೊಲೈಟಿಸ್. ಜೀರ್ಣನಾಳದ ಯಾವ ಭಾಗಕ್ಕಾದರೂ ಬಂದು, ಗೋಡೆಯನ್ನು ಆಳದವರೆಗೂ ಕೊರೆಯಬಲ್ಲ ಕ್ರೋನ್ಸ್. ತಿಂಗಳುಗಟ್ಟಲೆ ಭೇದಿ, ರಕ್ತ, ಹೊಟ್ಟೆನೋವು, ತೂಕ ಇಳಿಕೆ, ತಡೆಯಲಾಗದ ಸುಸ್ತು. 2017ರ ಅಂದಾಜಿನಂತೆ ಜಗತ್ತಿನಲ್ಲಿ 68 ಲಕ್ಷ ಜನ ಇದರೊಡನೆ ಬದುಕುತ್ತಿದ್ದರು. ಅವರಲ್ಲಿ ಬಹಳ ಮಂದಿ ಓದುವ, ದುಡಿಯುವ ವಯಸ್ಸಿನವರು.

ಎಲ್ಲರೂ ಬೆರಳು ತೋರಿಸುತ್ತಿದ್ದುದು ರೋಗನಿರೋಧಕ ಜೀವಕೋಶಗಳ ಕಡೆಗೆ. ಅವೇ ಅಲ್ಲವೇ ಕರುಳನ್ನು ಸುಡುತ್ತಿರುವುದು? ಹೌದು, ಸುಡುತ್ತಿರುವುದು ಅವೇ. ಆದರೆ ಸುಡು ಎಂದು ಹೇಳಿದವರು ಯಾರು?

ಶಾಂತಿಯ ಮಾತು ಕಿವಿಗೆ ಬೀಳದಿದ್ದರೆ ಏನಾಗುತ್ತದೆ ಎಂಬುದು 1993ರಲ್ಲೇ ಕಂಡಿತ್ತು. ಐಎಲ್-10 ಎಂಬ ಪ್ರೋಟೀನ್ ಉರಿಯನ್ನು ತಣಿಸುವ ಸಂಕೇತ. ಜರ್ಮನಿಯ ಕಲೋನ್‌ನಲ್ಲಿ ಐಎಲ್-10 ಇಲ್ಲದ ಇಲಿಗಳನ್ನು ಬೆಳೆಸಿದರು. ಬೇರೇನೂ ಮಾಡಲಿಲ್ಲ. ಆ ಇಲಿಗಳಿಗೆ ತಾನಾಗಿಯೇ ಕರುಳಿನ ಉರಿಯೂತ ಬಂತು!

ಮುಂದೆ 2009ರಲ್ಲಿ, ಹುಟ್ಟಿದ ಕೆಲವೇ ತಿಂಗಳಲ್ಲಿ ಭೀಕರ ಕರುಳಿನ ಹುಣ್ಣಿಗೆ ತುತ್ತಾದ ಮಕ್ಕಳಲ್ಲಿ ಅದರ ಇನ್ನೊಂದು ಮುಖ ಕಂಡಿತು. ಅವರಲ್ಲಿ ಕೆಟ್ಟಿದ್ದುದು ಐಎಲ್-10ರ ಗ್ರಾಹಕದ ಜೀನ್. ಐಎಲ್-10 ಇತ್ತು, ಅದನ್ನು ಕೇಳಿಸಿಕೊಳ್ಳುವ ಶಕ್ತಿ ಇರಲಿಲ್ಲ! ಆ ಮಕ್ಕಳಲ್ಲಿ ಒಬ್ಬರಿಗೆ ದಾನಿಯ ರಕ್ತದ ಕಾಂಡಕೋಶ ಕಸಿ ಮಾಡಿದರು. ಹೊಸ ಜೀವಕೋಶಗಳು ಬಂದವು, ಆ ಮಾತನ್ನು ಕೇಳಿಸಿಕೊಂಡವು. ಉರಿ ಆರಿತು, ಆರಿಯೇ ಉಳಿಯಿತು. ಇದನ್ನು ಓದಿದಾಗ ಮೈ ನವಿರೇಳದಿದ್ದರೆ ಹೇಳಿ!

ಆದರೆ ಬಹುತೇಕ ರೋಗಿಗಳಲ್ಲಿ ಹೀಗೆ ಒಂದೇ ಜೀನ್ ಕೆಟ್ಟಿರುವುದಿಲ್ಲ. ಐಬಿಡಿಗೆ ನಂಟಿರುವ ಜಾಗಗಳು ನಮ್ಮ ಜೀನ್‌ಗಳ ಗಂಟಿನಲ್ಲಿ 200ಕ್ಕೂ ಹೆಚ್ಚು ಸಿಕ್ಕಿವೆ. ಒಂದೊಂದರ ಪಾಲು ಚಿಕ್ಕದು. ಒಂದೇ ಜೀನ್‌ಗಳನ್ನು ಹೊತ್ತ ಅವಳಿಗಳಲ್ಲಿ ಒಬ್ಬರಿಗೆ ಕ್ರೋನ್ಸ್ ಬಂದು ಇನ್ನೊಬ್ಬರು ಆರೋಗ್ಯವಾಗಿ ಇರುವುದೂ ಉಂಟು. ಹಾಗಾದರೆ ಇವರ ಕರುಳಿನಲ್ಲಿ ಮಾತು ಕೆಡಿಸುತ್ತಿರುವವರು ಯಾರು?

ಊಹಿಸಿ ನೋಡೋಣ. ಬ್ಯಾಕ್ಟೀರಿಯಾ? ಅವುಗಳ ಪಾಲಿದೆ. ರೋಗನಿರೋಧಕ ಪಡೆಯ ಟಿ-ಜೀವಕೋಶ? ಅವುಗಳದೂ ಇದೆ. ಆದರೆ ಬಹಳ ಮಂದಿ ಅನುಮಾನವೇ ಪಡದಿದ್ದ ಒಬ್ಬರು ಇದ್ದರು!

ಫೈಬ್ರೊಬ್ಲಾಸ್ಟ್!

ಪಾಠಪುಸ್ತಕಗಳಲ್ಲಿ ಇದಕ್ಕೆ ಸಿಗುತ್ತಿದ್ದುದು ಒಂದೆರಡು ಸಾಲು. ಉದ್ದನೆಯ, ತುದಿ ಚೂಪಾದ ಜೀವಕೋಶ. ಕೊಲ್ಲಾಜೆನ್ ತಯಾರಿಸುತ್ತದೆ, ಅಂಗಗಳಿಗೆ ಆಕಾರ ಕೊಡುತ್ತದೆ, ಗಾಯ ಮಾಯಿಸುತ್ತದೆ. ಅಷ್ಟೇ. ರೋಗನಿರೋಧಕ ವಿಜ್ಞಾನಿಗಳು ತಮ್ಮ ಜೀವಕೋಶಗಳನ್ನು ಆರಿಸಿಕೊಂಡು ಇದನ್ನು ಪಕ್ಕಕ್ಕೆ ಸರಿಸುತ್ತಿದ್ದರು.

ಆಮೇಲೆ ಒಂದು ಹೊಸ ತಂತ್ರ ಬಂತು. ಅಂಗಾಂಶದ ಒಂದೊಂದೇ ಜೀವಕೋಶವನ್ನು ಬಿಡಿಸಿ, ಪ್ರತಿಯೊಂದರೊಳಗೆ ಯಾವ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ಓದುವ ತಂತ್ರ. ಒಂದೊಂದನ್ನೂ!

2018ರಲ್ಲಿ ಆಕ್ಸ್‌ಫರ್ಡ್‌ನ ಆಲಿಸನ್ ಸಿಮನ್ಸ್ ಅವರ ತಂಡ ಮನುಷ್ಯರ ದೊಡ್ಡ ಕರುಳಿನ ಈ ಹಂದರವನ್ನು ಹೀಗೆ ಓದಿತು. ಎಲ್ಲ ಒಂದೇ ಎಂದುಕೊಂಡಿದ್ದ ಫೈಬ್ರೊಬ್ಲಾಸ್ಟ್‌ಗಳಲ್ಲಿ ನಾಲ್ಕು ಬಗೆ ಸಿಕ್ಕವು! ಒಂದು ಬಗೆ ಒಳಪದರಕ್ಕೆ ಅಂಟಿಕೊಂಡೇ ಇದ್ದು, ಹೊಸ ಜೀವಕೋಶ ಹುಟ್ಟಿಸಲು ಕಾಂಡಕೋಶಗಳಿಗೆ ನೆರವಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಬಂದ ಕರುಳಿನಲ್ಲಿ ಈ ಒಳ್ಳೆಯ ಬಗೆ ಕರಗಿಹೋಗಿತ್ತು. ಅದರ ಬದಲು, ಆರೋಗ್ಯದಲ್ಲಿ ಕಾಣುವುದೇ ಅಪರೂಪವಾಗಿದ್ದ ಇನ್ನೊಂದು ಬಗೆ ಹೆಚ್ಚಿಕೊಂಡಿತ್ತು. ಅದು ಏನು ಮಾಡುತ್ತಿತ್ತು? ರೋಗನಿರೋಧಕ ಜೀವಕೋಶಗಳನ್ನು ಕರೆಯುವ ಸಂಕೇತಗಳನ್ನು ಬಿಡುತ್ತಿತ್ತು!

ಮರುವರ್ಷ ಅಮೆರಿಕದ ಬ್ರಾಡ್ ಇನ್‌ಸ್ಟಿಟ್ಯೂಟಿನಿಂದ ಇನ್ನೂ ದೊಡ್ಡ ನಕ್ಷೆ. ಅವಿವ್ ರೆಗೆವ್, ರಾಮ್ನಿಕ್ ಝೇವಿಯರ್ ಮತ್ತು ಸಂಗಡಿಗರು 18 ರೋಗಿಗಳ, 12 ಆರೋಗ್ಯವಂತರ ದೊಡ್ಡ ಕರುಳಿನಿಂದ ಚೂರು ಚೂರು ಅಂಗಾಂಶ ತೆಗೆದುಕೊಂಡರು. ಎಷ್ಟು ಜೀವಕೋಶ ಓದಿರಬಹುದು? ಸಾವಿರ? ಹತ್ತು ಸಾವಿರ?

3,66,650!

ಅಷ್ಟನ್ನೂ ಒಂದೊಂದಾಗಿ! 51 ಬಗೆಯ ಜೀವಕೋಶಗಳು ಅದರಲ್ಲಿ ಬೇರೆಬೇರೆಯಾಗಿ ಕಂಡವು. ಅಲ್ಲೂ ಉರಿಯೂತದ ನಟ್ಟನಡುವೆ ಎದ್ದು ಕಂಡದ್ದು ಯಾವುದು? ವಿಶೇಷ ಬಗೆಯ ಒಂದು ಫೈಬ್ರೊಬ್ಲಾಸ್ಟ್!

ಇಷ್ಟಾದರೂ ಒಂದು ಕೊಂಡಿ ತಪ್ಪಿಹೋಗುತ್ತದೆ, 2017ಕ್ಕೆ ಒಂದು ಹೆಜ್ಜೆ ಹಿಂದೆ ಹೋಗದಿದ್ದರೆ. ಆಕ್ಸ್‌ಫರ್ಡ್‌ನಲ್ಲೇ ಫಿಯೋನಾ ಪೌರಿ ಅವರ ತಂಡ ಆಂಕೋಸ್ಟಾಟಿನ್-ಎಂ ಎಂಬ ಪ್ರೋಟೀನಿನ ಬೆನ್ನು ಹತ್ತಿತ್ತು. ಅದನ್ನು ತಯಾರಿಸುವುದು ರೋಗನಿರೋಧಕ ಜೀವಕೋಶಗಳು. ಸರಿ, ಅದನ್ನು ಕೇಳಿಸಿಕೊಳ್ಳುವವರು ಯಾರು? ಇನ್ನೊಂದು ರೋಗನಿರೋಧಕ ಜೀವಕೋಶ ಎನ್ನುತ್ತೀರಾ? ಅಲ್ಲ! ಸುತ್ತಲಿನ ಅಂಗಾಂಶ! ಫೈಬ್ರೊಬ್ಲಾಸ್ಟ್ ಮತ್ತು ಅದರ ನೆರೆಯವರು!

ಆ ಮಾತು ಕೇಳಿದ ಅಂಗಾಂಶ ಸುಮ್ಮನಿರುವುದಿಲ್ಲ. ತಾನೂ ಉರಿಯೂತದ ಸಂಕೇತ ಬಿಡುತ್ತದೆ. ಇನ್ನಷ್ಟು ರೋಗನಿರೋಧಕ ಜೀವಕೋಶಗಳು ರಕ್ತದಿಂದ ಇಳಿದು ಬರುತ್ತವೆ. ಅವು ಇನ್ನಷ್ಟು ಆಂಕೋಸ್ಟಾಟಿನ್ ಬಿಡುತ್ತವೆ. ಅಂಗಾಂಶ ಮತ್ತೆ ಕೆರಳುತ್ತದೆ. ಸುತ್ತು, ಮತ್ತೆ ಸುತ್ತು! ಮೊದಲು ಶಾಂತಿ ಕಲಿಸುತ್ತಿದ್ದ ಅಂಗಾಂಶವೇ ಈಗ ಕೆರಳಿಸುವುದನ್ನು ಕಲಿಸುತ್ತಿದೆ.

ಇದರಿಂದ ರೋಗಿಗೆ ಏನು ಎಂದು ಕೇಳುತ್ತೀರಾ? ಕೇಳಲೇಬೇಕು.

1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮಾಬ್ ಎಂಬ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಟಿಎನ್‌ಎಫ್ ಎಂಬ ಉರಿಯೂತದ ಸಂಕೇತವನ್ನು ಅದು ಹಿಡಿದು ನಿಲ್ಲಿಸುತ್ತದೆ. ಎಷ್ಟೋ ಜನರ ಬದುಕನ್ನು ಅದು ಮರಳಿ ಕೊಟ್ಟಿದೆ. ಆದರೆ ಕೆಲವರಿಗೆ ಅದು ಹಿಡಿಯುವುದೇ ಇಲ್ಲ. ಅದೇ ಕಾಯಿಲೆ, ಅದೇ ಔಷಧ, ಒಬ್ಬರು ಎದ್ದು ಓಡಾಡುತ್ತಾರೆ, ಇನ್ನೊಬ್ಬರು ಹಾಸಿಗೆಯಲ್ಲೇ. ಏಕೆ?

ಆಕ್ಸ್‌ಫರ್ಡ್ ತಂಡ 200ಕ್ಕೂ ಹೆಚ್ಚು ರೋಗಿಗಳ ಅಂಗಾಂಶದ ಮಾಹಿತಿ ನೋಡಿತು. ಚಿಕಿತ್ಸೆ ಶುರುವಾಗುವ ಮೊದಲೇ ಕರುಳಿನಲ್ಲಿ ಆಂಕೋಸ್ಟಾಟಿನ್ ಹೆಚ್ಚಿದ್ದವರಿಗೆ ಟಿಎನ್‌ಎಫ್ ತಡೆಯುವ ಔಷಧ ಫಲಿಸುವ ಸಾಧ್ಯತೆ ಕಡಿಮೆ ಇತ್ತು! ಉತ್ತರ ಮೊದಲೇ ಅಂಗಾಂಶದಲ್ಲಿ ಬರೆದಿಟ್ಟಿತ್ತು!

ಇಲ್ಲೊಂದು ಕಾಕತಾಳೀಯ ಕೇಳಿ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನೈ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್, ಗಾರ್ಡನ್ ಆಪನ್‌ಹೈಮರ್ ಸೇರಿ 14 ರೋಗಿಗಳ ವಿವರದೊಂದಿಗೆ ಕ್ರೋನ್ಸ್ ಕಾಯಿಲೆಯನ್ನು ಜಗತ್ತಿಗೆ ತಿಳಿಸಿದರು. 87 ವರ್ಷಗಳ ನಂತರ, 2019ರಲ್ಲಿ, ಅದೇ ಮೌಂಟ್ ಸಿನೈ! ಅಲ್ಲಿನ ವಿಜ್ಞಾನಿಗಳು 11 ರೋಗಿಗಳ ಸಣ್ಣ ಕರುಳಿನ ಕೊನೆಯ ಭಾಗವನ್ನು ಓದಿದರು. ಒಬ್ಬೊಬ್ಬರಲ್ಲೂ ಉರಿಯೂತವಿರುವ ಜಾಗ ಒಂದು, ಉರಿಯೂತವಿಲ್ಲದ ಜಾಗ ಒಂದು.

ಕೆಲವರಲ್ಲಿ ಮಾತ್ರ ಒಂದು ಗುಂಪು ಕಂಡಿತು. ಕೆರಳಿದ ಮ್ಯಾಕ್ರೋಫೇಜ್, ಟಿ-ಜೀವಕೋಶ, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ, ಜೊತೆಗೆ ಎಚ್ಚೆತ್ತ ಫೈಬ್ರೊಬ್ಲಾಸ್ಟ್. ಯಾವಾಗಲೂ ಒಟ್ಟಿಗೇ! ಆಮೇಲೆ ಬೇರೆ ನಾಲ್ಕು ಕಡೆಯ 441 ರೋಗಿಗಳ ಮಾಹಿತಿಯಲ್ಲಿ ಹುಡುಕಿದರು. ಈ ಗುಂಪಿನ ಗುರುತು ಇದ್ದಲ್ಲಿ ಟಿಎನ್‌ಎಫ್ ತಡೆಯುವ ಔಷಧ ಸೋಲುವುದು ಹೆಚ್ಚು! ಆಕ್ಸ್‌ಫರ್ಡ್‌ನಲ್ಲಿ ಕಂಡದ್ದೇ ಬೇರೆ ದಾರಿಯಿಂದ ಇಲ್ಲೂ ಕಂಡಿತು.

2021ರಲ್ಲಿ ಮತ್ತೊಂದು ತಿರುವು. ಆಳವಾದ ಹುಣ್ಣುಗಳಿರುವ ಕೆಲವು ರೋಗಿಗಳಲ್ಲಿ ಫೈಬ್ರೊಬ್ಲಾಸ್ಟ್‌ಗಳು ನ್ಯೂಟ್ರೋಫಿಲ್‌ಗಳನ್ನು ಕೂಗಿ ಕರೆಯುತ್ತಿದ್ದವು. ನ್ಯೂಟ್ರೋಫಿಲ್ ಗೊತ್ತಲ್ಲ? ಗಾಯದ ಕೀವಿನಲ್ಲಿ ತುಂಬಿರುವ ಜೀವಕೋಶ. ಆ ಕೂಗನ್ನು ಎಬ್ಬಿಸುತ್ತಿದ್ದುದು ಟಿಎನ್‌ಎಫ್ ಅಲ್ಲ, ಐಎಲ್-1! ಟಿಎನ್‌ಎಫ್‌ಗೆ ಎಷ್ಟು ಔಷಧ ಕೊಟ್ಟರೂ ಈ ದಾರಿ ತೆರೆದೇ ಇರುತ್ತದೆ. ಒಂದೇ ಹೆಸರಿನ ಕಾಯಿಲೆಯೊಳಗೆ ಹಲವು ಕಾಯಿಲೆಗಳಿವೆ ಎಂಬ ಅನುಮಾನಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ?

ಅಂಗಾಂಶದ ಈ ಪ್ರಭಾವ ಕರುಳಿನ ಒಳಗಷ್ಟೇ ಇದೆ ಎಂದುಕೊಳ್ಳಬೇಡಿ. ಜೀವಕೋಶ ಕರುಳಿಗೆ ಬರುವ ಮೊದಲೇ ಅದಕ್ಕೆ ವಿಳಾಸ ಬರೆದಿರುತ್ತದೆ! ಯಾವುದರಿಂದ ಬರೆಯುತ್ತಾರೆ ಊಹಿಸಿ.

ವಿಟಮಿನ್ ಎ!

ನುಗ್ಗೆಸೊಪ್ಪು, ಕ್ಯಾರೆಟ್, ಪಪ್ಪಾಯಿಯಿಂದ ನಮಗೆ ದಕ್ಕುವ ಅದೇ ವಿಟಮಿನ್ ಎ. 2004ರಲ್ಲಿ ಜಪಾನಿನ ಮಕೋಟೊ ಇವಾಟಾ ಮತ್ತು ಸಂಗಡಿಗರು ತೋರಿಸಿದ್ದು ಇದು. ಕರುಳಿಗೆ ಸೇರಿದ ದುಗ್ಧಗ್ರಂಥಿಗಳಲ್ಲಿ ವಿಟಮಿನ್ ಎ ಯಿಂದ ರೆಟಿನಾಯಿಕ್ ಆಮ್ಲ ತಯಾರಾಗುತ್ತದೆ. ಅದು ತಾಕಿದ ಟಿ-ಜೀವಕೋಶದ ಮೈಮೇಲೆ ಆಲ್ಫಾ4-ಬೀಟಾ7 ಎಂಬ ಪ್ರೋಟೀನ್ ಮೂಡುತ್ತದೆ. ಕರುಳಿನ ರಕ್ತನಾಳಗಳ ಒಳಗೋಡೆಯಲ್ಲಿ ಅದಕ್ಕೆ ಸರಿಹೊಂದುವ ಕೊಕ್ಕೆ ಇರುತ್ತದೆ. ಸಿಕ್ಕಿಕೊಂಡಿತು, ಇಳಿಯಿತು!

ಇದು ಬರೀ ಚಂದದ ಕಥೆಯಲ್ಲ. ಆ ಪ್ರೋಟೀನನ್ನೇ ಮುಚ್ಚಿಬಿಡುವ ವೆಡೋಲಿಜುಮಾಬ್ ಎಂಬ ಔಷಧ 2014ರಿಂದ ಬಳಕೆಯಲ್ಲಿದೆ. ಜೀವಕೋಶವನ್ನು ಕೊಲ್ಲುವುದಿಲ್ಲ. ಕರುಳಿನಲ್ಲಿ ಇಳಿಯಲು ಬಿಡುವುದಿಲ್ಲ, ಅಷ್ಟೇ!

ಹಾಗೆಂದು ಕ್ಯಾರೆಟ್ ತಿಂದರೆ ಕೆಟ್ಟದ್ದು ಎಂದೋ, ತಿಂದರೆ ವಾಸಿಯಾಗುತ್ತದೆ ಎಂದೋ ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ.

ಕೊನೆಯದಾಗಿ, ನನ್ನನ್ನು ಬೆಚ್ಚಿಬೀಳಿಸಿದ ಸಂಗತಿ. ಕೊಬ್ಬು!

ಕ್ರೋನ್ಸ್ ಶಸ್ತ್ರಚಿಕಿತ್ಸೆಗೆ ಹೊಟ್ಟೆ ತೆರೆದಾಗ ಶಸ್ತ್ರವೈದ್ಯರಿಗೆ ಒಂದು ವಿಚಿತ್ರ ಕಾಣುತ್ತದೆ. ಕರುಳು ಎಲ್ಲಿ ಕೆಟ್ಟಿದೆಯೋ ಸರಿಯಾಗಿ ಅಲ್ಲೇ ಕೊಬ್ಬು ಹರಿದು ಬಂದು ಕರುಳನ್ನು ಸುತ್ತಿಕೊಂಡಿರುತ್ತದೆ. ತೂಕ ಇಳಿದು ಸೊರಗಿದ ರೋಗಿಯಲ್ಲೂ! ಏಕೆ ಎಂದು ದಶಕಗಳ ಕಾಲ ತಿಳಿದಿರಲಿಲ್ಲ.

2020ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸಿನೈನಲ್ಲಿ ಸುಝೇನ್ ದೇವಕೋಟಾ ಅವರ ತಂಡ ಆ ಕೊಬ್ಬಿನೊಳಗೆ ಹುಡುಕಿತು. ಸಿಕ್ಕಿದ್ದೇನು? ಜೀವಂತ ಬ್ಯಾಕ್ಟೀರಿಯಾ! ಕರುಳಿನ ಗೋಡೆ ದಾಟಿ ಬಂದ ಕ್ಲಾಸ್ಟ್ರಿಡಿಯಂ ಇನಾಕ್ಯುಅಮ್! ಸೋರಿದ ಜಾಗವನ್ನು ಮುಚ್ಚಲು ಕೊಬ್ಬೇ ಓಡಿಬಂದಿತ್ತು ಎನ್ನುವುದು ಅವರ ವಿವರಣೆ. ಆದರೆ ಅಲ್ಲಿನ ಮ್ಯಾಕ್ರೋಫೇಜ್‌ಗಳು ಕೆರಳುತ್ತವೆ, ನಾರಿನ ಅಂಗಾಂಶ ಬೆಳೆಯುತ್ತದೆ, ಕರುಳು ಗಟ್ಟಿಯಾಗಿ ಕಿರಿದಾಗಲು ಅದೂ ಕಾರಣವಾಗಬಹುದು. ಕಾಪಾಡಲು ಬಂದದ್ದೇ ಕಾಡುವುದು!

ಇಷ್ಟೆಲ್ಲ ತಿಳಿದದ್ದರಿಂದ ನಾಳೆ ಬೆಳಿಗ್ಗೆ ಕಾಯಿಲೆ ವಾಸಿಯಾಗುವುದಿಲ್ಲ. ಇಲಿಗಳಲ್ಲಿ ಆಂಕೋಸ್ಟಾಟಿನ್ ತಡೆದಾಗ ಉರಿಯೂತ ಇಳಿದಿದೆ. ಮನುಷ್ಯರ ವಿಷಯದಲ್ಲಿ ದಾರಿ ಇನ್ನೂ ಉದ್ದವಿದೆ. ಆದರೆ ನೋಡುವ ಕಣ್ಣು ಬದಲಾಗಿದೆ. ಕೆರಳಿದ ಜೀವಕೋಶವನ್ನು ಹತ್ತಿಕ್ಕುವುದರ ಜೊತೆಗೆ, ಅದನ್ನು ಕೆರಳಿಸಿದ ಅಂಗಾಂಶವನ್ನು ಮತ್ತೆ ಶಾಂತಗೊಳಿಸುವುದು ಹೇಗೆ ಎಂದು ಈಗ ಕೇಳುತ್ತಿದ್ದಾರೆ. ನನ್ನ ಮಟ್ಟಿಗೆ ಇದು ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಕಾಯಿಲೆಯ ಬಗ್ಗೆ ಹುಟ್ಟಿದ ಅತ್ಯಂತ ಒಳ್ಳೆಯ ಪ್ರಶ್ನೆ.

ಈಗ ನಿಮಗೊಂದು ಮಾತು. ಮಲದಲ್ಲಿ ರಕ್ತ ಹೋಗುತ್ತಿದ್ದರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಅದು ಮೂಲವ್ಯಾಧಿ ಎಂದೋ ಉಷ್ಣ ಎಂದೋ ನೀವೇ ತೀರ್ಮಾನ ಮಾಡಬೇಡಿ. ನಾಚಿಕೆಯಿಂದ ಮುಚ್ಚಿಡಬೇಡಿ. ಜೀರ್ಣಾಂಗ ತಜ್ಞರನ್ನು ಕಾಣಿ. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಮತ್ತು ಕ್ರೋನ್ಸ್ ಒಂದನ್ನೊಂದು ಬಹಳ ಹೋಲುತ್ತವೆ. ಟಿಎನ್‌ಎಫ್ ತಡೆಯುವ ಔಷಧದಿಂದ ಅಡಗಿದ್ದ ಕ್ಷಯ ಮತ್ತೆ ಏಳಬಹುದು. ಹಾಗಾಗಿ ಅದನ್ನು ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಆಗಿದೆಯೇ ಎಂದು ಕೇಳಿ. ಕೊಲೊನೋಸ್ಕೋಪಿ ಮಾಡಿ ಬಯಾಪ್ಸಿ ತೆಗೆಯಬೇಕು ಎಂದು ವೈದ್ಯರು ಹೇಳಿದರೆ ಹೆದರಿ ಮುಂದೂಡಬೇಡಿ. ಮನುಷ್ಯರ ಕರುಳಿನ ಬಗ್ಗೆ ಇಲ್ಲಿ ಹೇಳಿದ ಅಚ್ಚರಿಗಳಲ್ಲಿ ಬಹುಪಾಲು ಹೊರಬಂದದ್ದು ರೋಗಿಗಳು ಕೊಟ್ಟ ಅಂಥ ಅಂಗಾಂಶದ ಚೂರುಗಳಿಂದಲೇ!